ನೋಡುವವರೇ ಕಟ್ಟಿದ ಕ್ರೀಡಾಂಗಣ

ಬರ್ಲಿನ್ ನಗರದ ಆಗ್ನೇಯ ಅಂಚಿನಲ್ಲಿ ಕೋಪೆನಿಕ್ ಎಂಬ ಬಡಾವಣೆ ಇದೆ. ಒಂದು ಕಾಲಕ್ಕೆ ಅದು ಸ್ವತಂತ್ರವಾದ ಊರು. ಬರ್ಲಿನ್ ಬೆಳೆದು ಅದನ್ನು ನುಂಗಿಕೊಂಡಿತು. ಆದರೂ ನದಿ, ಕೆರೆ, ಕಾಡುಗಳ ನಡುವೆ ಇರುವ ಈ ಜಾಗಕ್ಕೆ ಮಹಾನಗರದ ಗದ್ದಲ ಅಷ್ಟಾಗಿ ಮುಟ್ಟಿಲ್ಲ. ಫುಟ್‌ಬಾಲ್ ಪಂದ್ಯವಿರುವ ದಿನ ಮಾತ್ರ ಇಲ್ಲಿನ ರೈಲು ನಿಲ್ದಾಣದಲ್ಲಿ ಕೆಂಪು-ಬಿಳಿ ಶಾಲು ಹೊದ್ದ ಜನ ಸಾವಿರಗಟ್ಟಲೆ ಇಳಿಯುತ್ತಾರೆ. ಮರಗಳ ನಡುವಿನ ಕಾಲುದಾರಿ ಹಿಡಿದು ಸ್ವಲ್ಪ ದೂರ ನಡೆದರೆ ಎದುರಿಗೆ ಕ್ರೀಡಾಂಗಣ. ಅದರ ಹೊರಗೆ ಒಂದು ಸ್ಮಾರಕವಿದೆ. ಉಕ್ಕಿನ ಕಂಬದ ಮೇಲೆ ದೊಡ್ಡದೊಂದು ಕೆಂಪು ಟೋಪಿ. ಅದು ಸೈನಿಕರ ಶಿರಸ್ತ್ರಾಣವಲ್ಲ, ಕಟ್ಟಡ ಕೆಲಸದವರು ತಲೆಗೆ ಹಾಕಿಕೊಳ್ಳುವ ಹೆಲ್ಮೆಟ್. ಅದರ ಕೆಳಗೆ ಕೆತ್ತಿರುವ ಹೆಸರುಗಳು ಗೋಲು ಹೊಡೆದವರದ್ದೂ ಅಲ್ಲ, ಹಣ ಕೊಟ್ಟ ಶ್ರೀಮಂತರದ್ದೂ ಅಲ್ಲ. ಈ ಕ್ರೀಡಾಂಗಣದ ಮೆಟ್ಟಿಲುಗಳಿಗೆ ಕಾಂಕ್ರೀಟ್ ಹಾಕಿದವರದ್ದು. ಅವರೆಲ್ಲ ಈ ತಂಡದ ಪಂದ್ಯ ನೋಡಲು ಟಿಕೆಟ್ ಕೊಂಡು ಬರುವ ಅಭಿಮಾನಿಗಳು.

ಯೂನಿಯನ್ ಬರ್ಲಿನ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಮನೆಯಂಗಳ ಇದು. ಹೆಸರು ‘ಆನ್ ಡೆರ್ ಆಲ್ಟೆನ್ ಫೋರ್ಸ್ಟರೈ’. ಉದ್ದವಾಗಿ ಗಂಭೀರವಾಗಿ ಕೇಳಿಸಿದರೂ ಅರ್ಥ ಸರಳ: ಹಳೆಯ ಅರಣ್ಯಾಧಿಕಾರಿಯ ಮನೆಯ ಬಳಿ. ಆ ಮನೆ ಈಗಲೂ ಅಲ್ಲೇ ಇದೆ, ಕ್ಲಬ್ಬಿನ ಕಚೇರಿ ಅದರೊಳಗೇ ನಡೆಯುತ್ತದೆ.

ಯುರೋಪಿನ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳು ಕಳೆದ ಮೂರು ದಶಕಗಳಲ್ಲಿ ಹೇಗೆ ಎದ್ದವೆಂಬುದು ಹೆಚ್ಚುಕಡಿಮೆ ಒಂದೇ ಅಚ್ಚಿನ ಕಥೆ. ಹಳೆಯ ಅಂಗಳ ಸಾಲದಾಗುತ್ತದೆ, ಬ್ಯಾಂಕಿನಿಂದಲೋ ಸರ್ಕಾರದಿಂದಲೋ ಹಣ ಬರುತ್ತದೆ, ಹೆಸರಾಂತ ವಾಸ್ತುಶಿಲ್ಪಿ ನಕ್ಷೆ ಕೊಡುತ್ತಾನೆ, ಕೊನೆಗೆ ಕಟ್ಟಡದ ಹೆಸರನ್ನು ಯಾವುದೋ ಕಂಪನಿಗೆ ಮಾರಲಾಗುತ್ತದೆ. ಮ್ಯೂನಿಕ್‌ನಲ್ಲಿ 2005ರಲ್ಲಿ ತೆರೆದ ಕ್ರೀಡಾಂಗಣಕ್ಕೆ ವಿಮಾ ಕಂಪನಿಯ ಹೆಸರು. ಮರುವರ್ಷ ಲಂಡನ್‌ನಲ್ಲಿ ಆರ್ಸೆನಲ್ ಕ್ಲಬ್ ಹೊಕ್ಕ ಹೊಸ ಮನೆಗೆ ವಿಮಾನಯಾನ ಕಂಪನಿಯ ಹೆಸರು. ಪ್ರೇಕ್ಷಕ ಈ ಕಥೆಯಲ್ಲಿ ಬರುವುದು ಕಟ್ಟಕಡೆಗೆ, ಮೊದಲಿಗಿಂತ ದುಬಾರಿಯಾದ ಟಿಕೆಟ್ ಹಿಡಿದುಕೊಂಡು. ಕೋಪೆನಿಕ್‌ನ ಕಥೆ ಇದಕ್ಕೆ ಉಲ್ಟಾ. ಆದರೆ ಅದನ್ನು ಹೇಳುವ ಮೊದಲು ಕ್ಲಬ್ಬಿನ ಹುಟ್ಟನ್ನು ನೋಡಬೇಕು. ಜನ ತಾವಾಗಿ ಸಲಿಕೆ ಹಿಡಿಯಲು ಕಾರಣವಾದದ್ದು ಆ ಹಿನ್ನೆಲೆಯೇ.

ಕಬ್ಬಿಣದ ಕೆಲಸದವರ ತಂಡ

1906ನೇ ಇಸವಿ ಕೋಪೆನಿಕ್‌ಗೆ ಖ್ಯಾತಿ ತಂದದ್ದು ಬೇರೊಂದು ಕಾರಣಕ್ಕೆ. ಆ ಅಕ್ಟೋಬರ್‌ನಲ್ಲಿ ವಿಲ್‌ಹೆಲ್ಮ್ ಫೊಯ್ಗ್ಟ್ ಎಂಬ ಬಡ ಚಪ್ಪಲಿ ಹೊಲಿಯುವವನು ಸೇನಾ ಕ್ಯಾಪ್ಟನ್‌ನ ಹಳೆಯ ಸಮವಸ್ತ್ರ ತೊಟ್ಟು, ದಾರಿಯಲ್ಲಿ ಸಿಕ್ಕ ಸೈನಿಕರನ್ನು ಜೊತೆಗೆ ಕರೆದುಕೊಂಡು, ಊರಿನ ಮೇಯರ್‌ನನ್ನೇ ಬಂಧಿಸಿ ಖಜಾನೆಯ ಹಣದೊಂದಿಗೆ ಪರಾರಿಯಾದ. ಸಮವಸ್ತ್ರ ಕಂಡರೆ ಸೆಟೆದು ನಿಲ್ಲುವ ಜನರ ಬುದ್ಧಿಗೆ ಜರ್ಮನಿಯೇ ನಕ್ಕಿತು. ಅದೇ ವರ್ಷದ ಜೂನ್‌ನಲ್ಲಿ ಪಕ್ಕದ ಓಬರ್‌ಷೋನೆವೈಡೆಯಲ್ಲಿ ಯುವಕರ ಫುಟ್‌ಬಾಲ್ ತಂಡವೊಂದು ಸದ್ದಿಲ್ಲದೆ ಹುಟ್ಟಿಕೊಂಡಿತ್ತು. ಇಂದಿನ ಯೂನಿಯನ್‌ನ ಬೇರು ಅದು.

ಓಬರ್‌ಷೋನೆವೈಡೆ ಎಂದರೆ ಆಗ ಕಾರ್ಖಾನೆಗಳ ಊರು. ಷ್ಪ್ರೇ ನದಿಯ ದಂಡೆಯುದ್ದಕ್ಕೂ ವಿದ್ಯುತ್ ಉಪಕರಣಗಳ, ಕೇಬಲ್ಲುಗಳ ಕಾರ್ಖಾನೆಗಳು. ತಂಡದ ಹುಡುಗರು ಆಗ ತೊಡುತ್ತಿದ್ದ ನೀಲಿ ಅಂಗಿ ಕಾರ್ಮಿಕರ ಉಡುಪನ್ನು ನೆನಪಿಸುತ್ತಿತ್ತು. ಜನ ಅವರನ್ನು ‘ಕಬ್ಬಿಣದ ಕೆಲಸದ ಹುಡುಗರು’ ಎಂದು ಕರೆದರು. ‘ಉಕ್ಕಿನ ಯೂನಿಯನ್’ ಎಂಬ ಘೋಷಣೆ ಅಲ್ಲಿಂದ ಬಂದು ಇಂದಿಗೂ ಗ್ಯಾಲರಿಯಲ್ಲಿ ಮೊಳಗುತ್ತದೆ, ಪರಸ್ಪರ ನಮಸ್ಕಾರಕ್ಕೂ ಅದೇ ಬಳಕೆಯಾಗುತ್ತದೆ. 1920ರಲ್ಲಿ ಈ ತಂಡ ಕಾಡಿನ ಅಂಚಿನ ಈಗಿನ ಜಾಗಕ್ಕೆ ಬಂತು. ಆ ಆಗಸ್ಟ್‌ನಲ್ಲಿ ನಡೆದ ಉದ್ಘಾಟನೆಯ ಪಂದ್ಯಕ್ಕೆ ಆಗಷ್ಟೇ ಜರ್ಮನಿಯ ಚಾಂಪಿಯನ್ ಆಗಿದ್ದ ನ್ಯೂರೆಂಬರ್ಗ್ ತಂಡವೇ ಬಂದಿತ್ತು.

ಎರಡನೇ ಮಹಾಯುದ್ಧದ ನಂತರ ಬರ್ಲಿನ್ ಒಡೆಯಿತು, ಕೋಪೆನಿಕ್ ಪೂರ್ವದ ಪಾಲಾಯಿತು. 1950ರಲ್ಲಿ ಪಶ್ಚಿಮ ಜರ್ಮನಿಯ ಕೀಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯವಾಡಲು ತಂಡಕ್ಕೆ ಪೂರ್ವದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಆಟಗಾರರಲ್ಲಿ ಹೆಚ್ಚಿನವರು ಪಶ್ಚಿಮಕ್ಕೆ ಹೋಗಿಬಿಟ್ಟರು. ಅಲ್ಲೊಂದು ಯೂನಿಯನ್, ಇಲ್ಲೊಂದು ಯೂನಿಯನ್ ಆಯಿತು. ಮನೆ ಒಡೆದು ಎರಡು ಒಲೆ ಹೂಡಿದಂತೆ.

ಈಗಿನ ಹೆಸರಿನ ಕ್ಲಬ್ ಔಪಚಾರಿಕವಾಗಿ ಸ್ಥಾಪನೆಯಾದದ್ದು 1966ರ ಜನವರಿ 20ರಂದು. ಆ ವರ್ಷ ಪೂರ್ವ ಜರ್ಮನಿಯ ಸರ್ಕಾರ ಫುಟ್‌ಬಾಲ್ ವ್ಯವಸ್ಥೆಯನ್ನು ಹೊಸದಾಗಿ ಜೋಡಿಸಿತು. ರಾಜಧಾನಿಯಲ್ಲಿ ಸೇನೆಗೊಂದು ಕ್ಲಬ್, ಭದ್ರತಾ ಇಲಾಖೆಗೊಂದು ಕ್ಲಬ್ ಇತ್ತು. ಉಳಿದ ಸಾಮಾನ್ಯ ಜನರಿಗೂ ಒಂದಿರಲೆಂದು ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಯೂನಿಯನ್‌ಗೆ ಜಾಗ ಸಿಕ್ಕಿತು. ಎರಡೇ ವರ್ಷಕ್ಕೆ, 1968ರಲ್ಲಿ, ಅದು ಪೂರ್ವ ಜರ್ಮನಿಯ ಕಪ್ ಗೆದ್ದಿತು. ಆ ಆಳ್ವಿಕೆಯಲ್ಲಿ ಅದು ಗೆದ್ದ ದೊಡ್ಡ ಪ್ರಶಸ್ತಿ ಅದೊಂದೇ.

ಭದ್ರತಾ ಇಲಾಖೆಯ ಕ್ಲಬ್ ಎಂದರೆ ಡೈನಮೊ. ಗುಪ್ತಚರ ಸಂಸ್ಥೆ ಸ್ಟಾಸಿಯ ಮುಖ್ಯಸ್ಥ ಎರಿಕ್ ಮೀಲ್ಕೆ ಅದರ ಗೌರವಾಧ್ಯಕ್ಷ. 1979ರಿಂದ 1988ರವರೆಗೆ ಸತತ ಹತ್ತು ವರ್ಷ ಅದೇ ಚಾಂಪಿಯನ್. ಒಳ್ಳೆಯ ಆಟಗಾರರು ಎಲ್ಲಿಗೆ ಹೋಗುತ್ತಿದ್ದರು, ಅನುಮಾನದ ತೀರ್ಪುಗಳು ಯಾರ ಪರ ಬರುತ್ತಿದ್ದವು ಎಂದು ಜನ ಪಿಸುಗುಟ್ಟುತ್ತಿದ್ದರು. ಎದುರಾಳಿಗೆ ಸೋತರೂ ಯೂನಿಯನ್ ಕಡೆ ನಿಲ್ಲುವುದು ಒಂದು ಬಗೆಯ ನಿಲುವಾಯಿತು. ಫ್ರೀಕಿಕ್ ತಡೆಯಲು ಎದುರಾಳಿ ಆಟಗಾರರು ಸಾಲಾಗಿ ಗೋಡೆಯಂತೆ ನಿಂತಾಗ ಗ್ಯಾಲರಿಯಿಂದ ‘ಗೋಡೆ ಹೋಗಬೇಕು’ ಎಂಬ ಕೂಗು ಏಳುತ್ತಿತ್ತಂತೆ. ಯಾವ ಗೋಡೆ ಎಂದು ಕೇಳಿದರೆ ಮೈದಾನದ ಕಡೆ ಕೈ ತೋರಿಸಿದರಾಯಿತು.

ಈ ಕಥೆಗಳನ್ನು ಇಂದು ಕೊಂಚ ಉಪ್ಪುಖಾರ ಹಚ್ಚಿಯೇ ಹೇಳಲಾಗುತ್ತದೆ. ಯೂನಿಯನ್ ಏನೂ ಕ್ರಾಂತಿಕಾರಿಗಳ ಅಡ್ಡೆಯಾಗಿರಲಿಲ್ಲ. ಅದೂ ಸರ್ಕಾರದ ವ್ಯವಸ್ಥೆಯೊಳಗೇ, ಸರ್ಕಾರದ ಕಾರ್ಖಾನೆಗಳ ಹಣದಲ್ಲೇ ಬದುಕಿದ ಕ್ಲಬ್. ‘ಯೂನಿಯನ್ ಅಭಿಮಾನಿಗಳೆಲ್ಲ ಸರ್ಕಾರದ ವಿರೋಧಿಗಳಲ್ಲ, ಆದರೆ ಸರ್ಕಾರದ ವಿರೋಧಿಗಳೆಲ್ಲ ಯೂನಿಯನ್ ಅಭಿಮಾನಿಗಳು’ ಎಂಬ ಆ ಕಾಲದ ಚಾಟೂಕ್ತಿಯಲ್ಲಿ ಮೊದಲ ಅರ್ಧವನ್ನೂ ಮರೆಯಬಾರದು. ಆದರೂ ಒಂದು ಮಾತು ಸತ್ಯ. ಎಲ್ಲವೂ ಸರ್ಕಾರದ್ದೇ ಆಗಿದ್ದ ದೇಶದಲ್ಲಿ, ಶನಿವಾರದ ಎರಡು ಗಂಟೆ ಇದು ನಮ್ಮದು ಎಂದು ಜನ ಭಾವಿಸಿದ ಜಾಗ ಈ ಮೆಟ್ಟಿಲುಗಳಾಗಿದ್ದವು.

ಗೋಡೆ ಬಿದ್ದ ಮೇಲೆ

1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಜನವರಿ 27ರಂದು ಪಶ್ಚಿಮ ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಅಲ್ಲಿನ ಹೆರ್ತಾ ತಂಡದೊಡನೆ ಯೂನಿಯನ್ ಸ್ನೇಹಪಂದ್ಯ ಆಡಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ದಿನ ಎರಡೂ ತಂಡದವರು ಪರಸ್ಪರರ ಹೆಸರು ಕೂಗಿ ಅಪ್ಪಿಕೊಂಡರು. ಆ ಅಪ್ಪುಗೆ ಬಹಳ ದಿನ ಉಳಿಯಲಿಲ್ಲ ಎಂಬುದು ಬೇರೆ ಮಾತು.

ಮಾರುಕಟ್ಟೆಯ ಗಾಳಿ ಬೀಸಿದಾಗ ಪೂರ್ವದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಓಬರ್‌ಷೋನೆವೈಡೆಯ ಚಿಮಣಿಗಳೂ ತಣ್ಣಗಾದವು. ಕಾರ್ಖಾನೆಗಳ ಆಸರೆಯಲ್ಲಿದ್ದ ಕ್ಲಬ್‌ಗಳು ಬೀದಿಗೆ ಬಿದ್ದವು. ಯೂನಿಯನ್ 1993ರಲ್ಲಿ ಎರಡನೇ ದರ್ಜೆಯ ಲೀಗ್‌ಗೆ ಅರ್ಹತೆ ಪಡೆದರೂ ಪರವಾನಗಿ ಸಿಗಲಿಲ್ಲ. ಸಲ್ಲಿಸಿದ್ದ ಬ್ಯಾಂಕ್ ಖಾತರಿಪತ್ರವೇ ನಕಲಿ ಎಂದು ಬಯಲಾಗಿತ್ತು. ಮರುವರ್ಷವೂ ಹಣಕಾಸಿನ ಕಾರಣಕ್ಕೆ ಬಾಗಿಲು ಮುಚ್ಚಿತು. 1997ರಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದಾಗ ಅಭಿಮಾನಿಗಳು ಬ್ರಾಂಡೆನ್‌ಬರ್ಗ್ ದ್ವಾರದ ಮೂಲಕ ಮೆರವಣಿಗೆ ಹೋದರು. 2001ರಲ್ಲಿ ಮೂರನೇ ದರ್ಜೆಯಲ್ಲಿದ್ದುಕೊಂಡೇ ಜರ್ಮನ್ ಕಪ್‌ನ ಫೈನಲ್ ತಲುಪಿ ಎಲ್ಲರನ್ನೂ ಬೆರಗುಗೊಳಿಸಿದ ತಂಡ, 2004ರಲ್ಲಿ ಮತ್ತೆ ಕೆಳಗಿಳಿದು ಮತ್ತೆ ಹಣವಿಲ್ಲದೆ ನಿಂತಿತು. ಆ ವರ್ಷ ನಡೆದದ್ದು ಜರ್ಮನಿಯ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಭಿಮಾನಿಗಳು ಬರ್ಲಿನ್‌ನ ರಕ್ತನಿಧಿಗಳಿಗೆ ಹೋಗಿ ರಕ್ತ ಕೊಟ್ಟರು. ರಕ್ತದಾನಿಗಳಿಗೆ ಅಲ್ಲಿ ಸಿಗುವ ಸಣ್ಣ ಮೊತ್ತವನ್ನು ತಂದು ಕ್ಲಬ್ಬಿನ ಹುಂಡಿಗೆ ಹಾಕಿದರು. ಉಳಿದ ದೇಣಿಗೆಗಳೂ ಸೇರಿ ಪರವಾನಗಿ ಉಳಿಯಿತು. ಮರುವರ್ಷವೇ ತಂಡ ಇನ್ನೂ ಒಂದು ಮೆಟ್ಟಿಲು ಜಾರಿ ನಾಲ್ಕನೇ ದರ್ಜೆಗೆ ಬಿತ್ತು. ರಕ್ತ ಕೊಟ್ಟ ಮಾತ್ರಕ್ಕೆ ಗೋಲು ಬರುವುದಿಲ್ಲವಲ್ಲ.

ಹದಿಮೂರು ತಿಂಗಳು

ಇಷ್ಟು ಹೊತ್ತಿಗೆ ಕಾಡಂಚಿನ ಕ್ರೀಡಾಂಗಣ ಹಾಳುಬಿದ್ದಿತ್ತು. ಮಣ್ಣಿನ ದಿಬ್ಬದ ಮೇಲೆ ಕಟ್ಟಿದ ಮೆಟ್ಟಿಲುಗಳು ಕಳಚುತ್ತಿದ್ದವು, ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು, ಪ್ರೇಕ್ಷಕರ ತಲೆಯ ಮೇಲೆ ಸೂರಿರಲಿಲ್ಲ. 2008ರಲ್ಲಿ ಜರ್ಮನಿಯ ಹೊಸ ಮೂರನೇ ಲೀಗ್ ಶುರುವಾಗುವ ಹೊತ್ತಿಗೆ ಇಂಥ ಅಂಗಳದಲ್ಲಿ ಆಡಲು ಒಪ್ಪಿಗೆ ಸಿಗುವಂತಿರಲಿಲ್ಲ. ನಗರಾಡಳಿತದ ಜೊತೆ ವರ್ಷಗಟ್ಟಲೆ ಮಾತುಕತೆ ನಡೆದಿತ್ತು. ನಕ್ಷೆಗಳು ಬಂದವು, ಹೋದವು. 2006ರ ವಿಶ್ವಕಪ್‌ಗಾಗಿ ನಗರದ ಪಶ್ಚಿಮದಲ್ಲಿರುವ ಒಲಿಂಪಿಕ್ ಕ್ರೀಡಾಂಗಣದ ನವೀಕರಣಕ್ಕೆ ಸುಮಾರು 24 ಕೋಟಿ ಯೂರೊ ಖರ್ಚಾಗಿತ್ತು, ಅದರಲ್ಲಿ ಬಹುಪಾಲು ಸಾರ್ವಜನಿಕ ಹಣ. ಕೋಪೆನಿಕ್‌ನ ಜನ ಇದನ್ನು ಲೆಕ್ಕ ಹಾಕದೇ ಇರುತ್ತಾರೆಯೇ?

2004ರಿಂದ ಕ್ಲಬ್ಬಿನ ಅಧ್ಯಕ್ಷರಾಗಿರುವ ಡಿರ್ಕ್ ಝಿಂಗ್ಲರ್ ಕಟ್ಟಡ ಸಾಮಗ್ರಿ ಸಾಗಣೆಯ ವ್ಯಾಪಾರಿ, ಬಾಲ್ಯದಿಂದಲೂ ಇದೇ ಗ್ಯಾಲರಿಯ ಅಭಿಮಾನಿ. ಕೊನೆಗೆ ಕ್ಲಬ್ ನಿರ್ಧರಿಸಿತು: ಸಾಮಗ್ರಿಗೆ ಹಣ ಹೊಂದಿಸೋಣ, ಕೂಲಿಗೆ ಹಣ ಬೇಡ, ಕೆಲಸ ನಾವೇ ಮಾಡೋಣ.

2008ರ ಜೂನ್‌ನಲ್ಲಿ ಕೆಲಸ ಶುರುವಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆಯಲ್ಲ, ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ ಎಂದು ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವುದು, ಇಲ್ಲಿ ನಡೆದದ್ದು ಅದಕ್ಕೆ ಹತ್ತಿರ. ವ್ಯತ್ಯಾಸವೆಂದರೆ ಇಲ್ಲಿ ಗದ್ದೆ ಒಂದೇ, ಅದು ಎಲ್ಲರದ್ದು. ಕಟ್ಟಡದ ಕೆಲಸ ಬಲ್ಲವರು ಮೇಸ್ತ್ರಿಗಳಾದರು. ಜೀವನದಲ್ಲಿ ಸಲಿಕೆ ಹಿಡಿಯದವರು ಅವರು ಹೇಳಿದಂತೆ ಮಾಡಿದರು. ಕೆಲಸ ಕಳೆದುಕೊಂಡವರು, ನಿವೃತ್ತರು ದಿನವೂ ಬಂದರು. ನೌಕರಿಯಲ್ಲಿದ್ದವರು ರಜೆ ಹಾಕಿ ಬಂದರು. ಹಳೆಯ ಮೆಟ್ಟಿಲು ಒಡೆದು ತೆಗೆಯುವುದು, ಕಬ್ಬಿಣ ಕಟ್ಟುವುದು, ಕಾಂಕ್ರೀಟ್ ಹಾಕುವುದು, ಬಣ್ಣ ಬಳಿಯುವುದು, ಇವರಿಗೆಲ್ಲ ಅಡುಗೆ ಮಾಡಿ ಬಡಿಸುವುದು ಹೀಗೆ ಕೆಲಸ ಹಂಚಿಹೋಯಿತು. ಉಕ್ಕಿನ ಛಾವಣಿಯಂಥ ಪರಿಣತಿಯ ಕೆಲಸಕ್ಕೆ ಮಾತ್ರ ವೃತ್ತಿಪರರು ಇದ್ದರು.

ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಜನ ಸುಮಾರು 1,40,000 ಗಂಟೆ ದುಡಿದರು. ಈ ಅಂಕಿ ಎಷ್ಟು ದೊಡ್ಡದೆಂದು ತಟ್ಟನೆ ಅರಿವಿಗೆ ಬರುವುದಿಲ್ಲ. ಒಬ್ಬನೇ ಮನುಷ್ಯ ದಿನಕ್ಕೆ ಎಂಟು ಗಂಟೆಯಂತೆ ಒಂದು ದಿನವೂ ಬಿಡುವಿಲ್ಲದೆ ದುಡಿದರೆ ಇಷ್ಟು ಕೆಲಸ ಮುಗಿಸಲು ಸುಮಾರು 48 ವರ್ಷ ಬೇಕು. ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಹದಿಮೂರು ತಿಂಗಳು ನಡೆಯಿತು. ಅಷ್ಟು ಕಾಲ ತಂಡ ಬೇರೆ ಕಡೆ ಆಡಬೇಕಾಯಿತು. ಸಿಕ್ಕಿದ ಅಂಗಳವಾದರೂ ಯಾವುದು? ಹಳೆಯ ವೈರಿ ಡೈನಮೊ ತನ್ನ ಮೆರೆದ ದಿನಗಳಲ್ಲಿ ಆಡುತ್ತಿದ್ದ ಯಾನ್ ಕ್ರೀಡಾಂಗಣ! ಅಲ್ಲಿ ಆಡಿಕೊಂಡೇ ಯೂನಿಯನ್ ಆ ವರ್ಷ ಮೂರನೇ ಲೀಗ್ ಗೆದ್ದು ಎರಡನೇ ದರ್ಜೆಗೆ ಏರಿತು.

2009ರ ಜುಲೈ 8ರಂದು ಕ್ರೀಡಾಂಗಣ ಮತ್ತೆ ತೆರೆಯಿತು. ಅತಿಥಿ ತಂಡ ಹೆರ್ತಾ. ಯೂನಿಯನ್ 3-5ರಿಂದ ಸೋತಿತು. ಸೋಲಿನ ಬಗ್ಗೆ ಅಂದು ಯಾರೂ ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ. ತಾನು ಕಾಂಕ್ರೀಟ್ ಹಾಕಿದ ಮೆಟ್ಟಿಲು ಯಾವುದೆಂದು ಹುಡುಕಿ ಅದರ ಮೇಲೆ ನಿಲ್ಲುವ ಸುಖ ಎಷ್ಟು ಜನ ಫುಟ್‌ಬಾಲ್ ಪ್ರೇಮಿಗಳಿಗೆ ಸಿಕ್ಕೀತು?

ನಿಂತು ನೋಡುವವರು

ಇಲ್ಲಿ ‘ನಿಲ್ಲುವುದು’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಮೂರು ಬದಿಗಳಲ್ಲಿ ಕುರ್ಚಿಗಳೇ ಇಲ್ಲ. ಬರೀ ಮೆಟ್ಟಿಲು, ನಡುನಡುವೆ ಆತುಕೊಳ್ಳಲು ಕಬ್ಬಿಣದ ಕಂಬಿ. ಇಂಗ್ಲೆಂಡಿನ ದೊಡ್ಡ ಕ್ರೀಡಾಂಗಣಗಳಲ್ಲಿ ಇಂಥ ಗ್ಯಾಲರಿಗಳು 1990ರ ದಶಕದಲ್ಲಿ ಮಾಯವಾದವು. 1989ರಲ್ಲಿ ಷೆಫೀಲ್ಡ್‌ನ ಹಿಲ್ಸ್‌ಬರೊದಲ್ಲಿ ಬೇಲಿ ಹಾಕಿದ ಗ್ಯಾಲರಿಯೊಳಗೆ ನೂಕುನುಗ್ಗಲಾಗಿ 97 ಜನ ಪ್ರಾಣ ಕಳೆದುಕೊಂಡ ನಂತರ ಎಲ್ಲರಿಗೂ ಆಸನ ಇರಲೇಬೇಕೆಂಬ ನಿಯಮ ಬಂತು. ಆ ದುರಂತಕ್ಕೆ ನಿಂತು ನೋಡುವ ಪದ್ಧತಿಗಿಂತ ಪೊಲೀಸರ ವೈಫಲ್ಯವೇ ಕಾರಣವೆಂದು ಮುಂದೆ ತನಿಖೆಗಳಿಂದ ಸ್ಪಷ್ಟವಾಯಿತು. ಆದರೆ ಅಷ್ಟರಲ್ಲಿ ಕುರ್ಚಿಗಳೂ ಬಂದಿದ್ದವು, ಅದರ ಹಿಂದೆಯೇ ದುಬಾರಿ ಟಿಕೆಟ್ಟೂ ಬಂದಿತ್ತು. ಜರ್ಮನಿಯಲ್ಲಿ ಸುರಕ್ಷತೆಯ ಕಟ್ಟುಪಾಡುಗಳೊಂದಿಗೆ ನಿಲ್ಲುವ ಜಾಗ ಉಳಿಯಿತು. ಅಗ್ಗದ ಟಿಕೆಟ್ ಉಳಿದದ್ದೂ ಅದರಿಂದಲೇ. ಕುರ್ಚಿ ಹಾಕಿದ್ದರೆ ಕೋಪೆನಿಕ್‌ನ ಕ್ರೀಡಾಂಗಣ ಇನ್ನೂ ಚಿಕ್ಕದಾಗುತ್ತಿತ್ತು, ಅದನ್ನು ಕಟ್ಟಿದವರಲ್ಲಿ ಎಷ್ಟೋ ಜನ ಹೊರಗುಳಿಯುತ್ತಿದ್ದರು.

ಕಟ್ಟಿದ್ದಾಯಿತು, ಇನ್ನು ಅದು ಯಾರ ಸ್ವತ್ತು? ದುಡ್ಡಿನ ಪರೀಕ್ಷೆ ಬೇಗನೆ ಎದುರಾಯಿತು. 2009ರಲ್ಲಿ ಒಂದು ಪ್ರಾಯೋಜಕ ಕಂಪನಿ ಐದು ವರ್ಷಕ್ಕೆ ಸುಮಾರು ಒಂದು ಕೋಟಿ ಯೂರೊ ಕೊಡಲು ಮುಂದೆ ಬಂದಿತ್ತು. ಯೂನಿಯನ್‌ಗೆ ಅದು ಕನಸಿನ ಮೊತ್ತ. ಕಂಪನಿಯ ಉನ್ನತ ಸ್ಥಾನದಲ್ಲಿದ್ದ ವ್ಯಕ್ತಿ ಹಿಂದೆ ಸ್ಟಾಸಿಯಲ್ಲಿ ಅಧಿಕಾರಿಯಾಗಿದ್ದನೆಂಬ ಸಂಗತಿ ಹೊರಬಿತ್ತು. ಕ್ಲಬ್ ಒಪ್ಪಂದವನ್ನೇ ಮುರಿದುಕೊಂಡಿತು.

ಎರಡು ವರ್ಷದ ನಂತರ, 2011ರ ಡಿಸೆಂಬರ್‌ನಲ್ಲಿ, ಮುಖ್ಯ ಗ್ಯಾಲರಿ ಕಟ್ಟಲು ಹಣ ಬೇಕಾದಾಗ ಕ್ರೀಡಾಂಗಣದ ಕಂಪನಿಯ ಷೇರುಗಳನ್ನು ಮಾರಾಟಕ್ಕಿಟ್ಟರು. ಒಂದು ಷೇರಿಗೆ 500 ಯೂರೊ, ಒಬ್ಬರಿಗೆ ಹತ್ತಕ್ಕಿಂತ ಹೆಚ್ಚಿಲ್ಲ. ಮಾರಾಟ ಮುಖ್ಯವಾಗಿ ಕ್ಲಬ್ಬಿನ ಸದಸ್ಯರಿಗೆ. ‘ನಮ್ಮ ಆತ್ಮವನ್ನು ಮಾರುತ್ತಿದ್ದೇವೆ, ಆದರೆ ಸಿಕ್ಕಸಿಕ್ಕವರಿಗಲ್ಲ’ ಎಂಬುದು ಪ್ರಚಾರದ ಒಕ್ಕಣೆ. ಆ ‘ಸಿಕ್ಕಸಿಕ್ಕವರು’ ಯಾರೆಂದು ತಿಳಿಯಲಿ ಎಂದು ಫಿಫಾ ಅಧ್ಯಕ್ಷ ಬ್ಲಾಟರ್, ಇಟಲಿಯ ಬೆರ್ಲುಸ್ಕೊನಿ ಮೊದಲಾದವರ ಮುಖಗಳನ್ನು ಜಾಹೀರಾತಿನಲ್ಲಿ ಹಾಕಿದ್ದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಐದು ಸಾವಿರಕ್ಕೂ ಹೆಚ್ಚು ಷೇರು ಕೊಂಡರು. ಸುಮಾರು 27 ಲಕ್ಷ ಯೂರೊ ಕೂಡಿತು. ಷೇರುಪೇಟೆಯ ಲೆಕ್ಕದಲ್ಲಿ ಇದು ಹೂಡಿಕೆಯೇ ಅಲ್ಲ. ಲಾಭಾಂಶಕ್ಕೆ ಆಸೆಪಟ್ಟು ಇದನ್ನು ಕೊಂಡವರು ವಿರಳ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಲೆಂದು ಕೊಂಡ ಕಾಗದ ಅದು.

ಸುಮಾರು ಒಂದೂವರೆ ಕೋಟಿ ಯೂರೊ ವೆಚ್ಚದ ಮುಖ್ಯ ಗ್ಯಾಲರಿ 2013ರ ಜುಲೈನಲ್ಲಿ ಸಿದ್ಧವಾಯಿತು. ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡ ಉದ್ಘಾಟನೆಗೆ ಬಂತು. ಗಾಜು, ಉಕ್ಕಿನ ಥಳುಕಿನ ಬದಲು ಹೊರಮೈಗೆ ಕೆಂಪು ಇಟ್ಟಿಗೆ ಹಾಕಿದರು, ಓಬರ್‌ಷೋನೆವೈಡೆಯ ಹಳೆಯ ಕಾರ್ಖಾನೆಗಳ ಮಾದರಿಯಲ್ಲಿ. ಇಡೀ ಕ್ರೀಡಾಂಗಣ ಹಿಡಿಸುವುದು 22,012 ಜನರನ್ನು. ಅದರಲ್ಲಿ ಆಸನಗಳು 3,617 ಮಾತ್ರ. ಮೂಲೆಯಲ್ಲಿ ಹಳೆಯ ಸ್ಕೋರ್ ಮನೆ ಉಳಿದಿದೆ. ಗೋಲಾದಾಗ ಮನುಷ್ಯನೇ ಕೈಯಿಂದ ಅಂಕಿಯ ಫಲಕ ಬದಲಿಸುತ್ತಾನೆ. ಹೆಸರನ್ನು ಯಾವ ಕಂಪನಿಗೂ ಮಾರಲಿಲ್ಲ.

ಪಂದ್ಯವಿಲ್ಲದ ದಿನವೂ ಜನ ಇಲ್ಲಿಗೆ ಬರುತ್ತಾರೆ. 2003ರ ಡಿಸೆಂಬರ್‌ನಲ್ಲಿ ತಂಡ ಸೋಲಿನ ಸುಳಿಯಲ್ಲಿದ್ದಾಗ 89 ಅಭಿಮಾನಿಗಳು ಅನುಮತಿ ಇಲ್ಲದೆ ಒಳನುಗ್ಗಿ, ಮೋಂಬತ್ತಿ ಹಚ್ಚಿ, ಚಳಿಗೆ ಬಿಸಿ ವೈನ್ ಹೀರುತ್ತ ಕ್ರಿಸ್ಮಸ್ ಗೀತೆ ಹಾಡಿದ್ದರು. ಮರುವರ್ಷ ಇನ್ನಷ್ಟು ಜನ ಬಂದರು. ಈಗ ಪ್ರತಿ ಡಿಸೆಂಬರ್ 23ರಂದು ಮೈದಾನವೂ ಸೇರಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನ ಸೇರುತ್ತಾರೆ. ಧರ್ಮದ ಕಡೆ ತಿರುಗಿಯೂ ನೋಡದ ಪೂರ್ವ ಬರ್ಲಿನ್‌ನಲ್ಲಿ ಪಾದ್ರಿಯೊಬ್ಬರು ಕ್ರಿಸ್ತಜನನದ ಕಥೆ ಓದುವುದನ್ನು ಇಷ್ಟು ಜನ ಕೇಳುವುದು ಬೇರೆಲ್ಲೂ ಇರಲಾರದು. 2014ರ ವಿಶ್ವಕಪ್ ಸಮಯದಲ್ಲಂತೂ ಅಭಿಮಾನಿಗಳು ಮನೆಯಿಂದ ಏಳುನೂರಕ್ಕೂ ಹೆಚ್ಚು ಸೋಫಾಗಳನ್ನು ಹೊತ್ತು ತಂದು ಮೈದಾನದಲ್ಲಿ ಸಾಲಾಗಿಟ್ಟು, ದೊಡ್ಡ ಪರದೆಯ ಮೇಲೆ ಪಂದ್ಯ ನೋಡಿದರು. ನಮ್ಮ ಮನೆ ಎಂದು ಬಾಯಲ್ಲಿ ಹೇಳುವುದು ಸುಲಭ. ಇವರು ಸೋಫಾ ತಂದೇ ಹಾಕಿದರು.

ಮೇಲಕ್ಕೇರಿದ ಮೇಲೆ

2019ರ ಮೇ 27ರಂದು ಸ್ಟುಟ್‌ಗಾರ್ಟ್ ತಂಡದೊಡನೆ ಗೋಲಿಲ್ಲದೆ ಡ್ರಾ ಮಾಡಿಕೊಂಡ ಯೂನಿಯನ್, ಹಿಂದಿನ ಪಂದ್ಯದ 2-2ರ ಬಲದಿಂದ ಮೊದಲ ಬಾರಿಗೆ ಅಗ್ರ ದರ್ಜೆಯ ಬುಂಡೆಸ್‌ಲೀಗಾ ಪ್ರವೇಶಿಸಿತು. ಆ ಆಗಸ್ಟ್‌ನಲ್ಲಿ ಮೊದಲ ಪಂದ್ಯದ ದಿನ ಗ್ಯಾಲರಿಯಲ್ಲಿ ನಾಲ್ಕುನೂರಕ್ಕೂ ಹೆಚ್ಚು ಭಾವಚಿತ್ರಗಳು ಮೇಲೆದ್ದವು. ಈ ದಿನ ನೋಡಲು ಬದುಕಿರದ ಅಪ್ಪ, ಅಮ್ಮ, ಅಣ್ಣ, ಗೆಳೆಯರ ಚಿತ್ರಗಳನ್ನು ಜನ ದೊಡ್ಡದಾಗಿ ಮುದ್ರಿಸಿ ತಂದಿದ್ದರು. ಎದುರಾಳಿ ತಂಡ ಲೈಪ್‌ಜಿಗ್, ಪಾನೀಯ ಕಂಪನಿಯೊಂದರ ಹಣದಿಂದ ಬೆಳೆದದ್ದು. ಅದನ್ನು ಪ್ರತಿಭಟಿಸಿ ಪಂದ್ಯದ ಮೊದಲ ಹದಿನೈದು ನಿಮಿಷ ಇಡೀ ಗ್ಯಾಲರಿ ಮೌನವಾಗಿತ್ತು. ಲೈಪ್‌ಜಿಗ್ 4-0ರಿಂದ ಗೆದ್ದಿತು. ಹಣಕ್ಕೆ ಮೌನ ಕೇಳಿಸುವುದಿಲ್ಲ. ಆದರೆ ಅದೇ ತಿಂಗಳ ಕೊನೆಯಲ್ಲಿ ಬಲಿಷ್ಠ ಡಾರ್ಟ್‌ಮಂಡ್ ಇಲ್ಲಿ 3-1ರಿಂದ ಸೋತು ಹೋಯಿತು.

ಯೂನಿಯನ್ ಬೇಗ ಕೆಳಗಿಳಿಯುತ್ತದೆಂದು ಭಾವಿಸಿದವರೇ ಹೆಚ್ಚು. ಬದಲಿಗೆ ಅದು ಯುರೋಪಿನ ಟೂರ್ನಿಗಳಿಗೆ ಅರ್ಹತೆ ಪಡೆಯಿತು. ಸಮಸ್ಯೆ ಶುರುವಾದದ್ದು ಅಲ್ಲಿಂದ. ಯುರೋಪಿನ ಫುಟ್‌ಬಾಲ್ ಸಂಸ್ಥೆ ನಿಂತು ನೋಡುವ ಗ್ಯಾಲರಿಗಳನ್ನು ಒಪ್ಪುತ್ತಿರಲಿಲ್ಲ. 2021ರಲ್ಲಿ ತಂಡ ಆ ಪಂದ್ಯಗಳಿಗಾಗಿ ನಗರದ ಇನ್ನೊಂದು ತುದಿಯ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಮರುವರ್ಷ ಪ್ರಾಯೋಗಿಕವಾಗಿ ಅನುಮತಿ ಸಿಕ್ಕಿ ಯುರೋಪಾ ಲೀಗ್‌ನ ಪಂದ್ಯಗಳು ಕಾಡಿನ ಅಂಗಳದಲ್ಲೇ ನಡೆದವು. 2023ರಲ್ಲಿ ಚಾಂಪಿಯನ್ಸ್ ಲೀಗ್ ಬಂದಾಗ ಕ್ಲಬ್ ತಾನಾಗಿಯೇ ಮತ್ತೆ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು. ಸದಸ್ಯರ ಸಂಖ್ಯೆ ಆಗ ಕ್ರೀಡಾಂಗಣದ ಸಾಮರ್ಥ್ಯದ ಎರಡು ಪಟ್ಟಿಗೂ ಮಿಕ್ಕಿತ್ತು. ಇಂಥ ಪಂದ್ಯ ಜೀವನದಲ್ಲಿ ಒಮ್ಮೆ ಬರುವಂಥದು, ಆದಷ್ಟು ಜನ ನೋಡಲಿ ಎಂಬ ವಾದ. ತಮ್ಮ ಕೈಯಾರೆ ಕಟ್ಟಿದ ಮನೆಯಿದ್ದೂ ಹಬ್ಬವನ್ನು ಬೇರೆಯವರ ಮನೆಯಲ್ಲಿ ಮಾಡುವುದೇ ಎಂದು ಕೊರಗಿದವರೂ ಇದ್ದರು. ಎರಡೂ ಮಾತಿನಲ್ಲಿ ನ್ಯಾಯವಿತ್ತು.

ಅಲ್ಲಿನ ಮೊದಲ ಪಂದ್ಯ 2023ರ ಅಕ್ಟೋಬರ್ 3ರಂದು, ಜರ್ಮನಿಯ ಏಕೀಕರಣದ ದಿನ. ಎದುರಾಳಿ ಪೋರ್ಚುಗಲ್‌ನ ಬ್ರಾಗಾ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ 2-0ರಿಂದ ಮುಂದಿದ್ದ ಯೂನಿಯನ್, ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 2-3ರಿಂದ ಸೋತಿತು. ಗುಂಪಿನಲ್ಲಿ ಕೊನೆಯ ಸ್ಥಾನವೇ ಗತಿಯಾಯಿತು.

ಕಾಡಂಚಿನ ಕ್ರೀಡಾಂಗಣವನ್ನು ದೊಡ್ಡದು ಮಾಡುವ ಯೋಜನೆಯನ್ನು ಕ್ಲಬ್ 2017ರಲ್ಲೇ ಪ್ರಕಟಿಸಿತ್ತು. ಸುಮಾರು 37 ಸಾವಿರ ಜನ ಹಿಡಿಸುವ ನಕ್ಷೆ, ಅದರಲ್ಲಿ 28 ಸಾವಿರಕ್ಕೂ ಹೆಚ್ಚು ಜಾಗ ನಿಂತು ನೋಡುವವರಿಗೆ. ಮುಂದೆ ಅದನ್ನು ನಲವತ್ತು ಸಾವಿರ ದಾಟಿಸುವ ಮಾತು ಬಂತು. ಅನುಮತಿಗಳು, ಕಾಡಿನ ಅಂಚಿನ ಕಿರಿದಾದ ರಸ್ತೆಯಲ್ಲಿ ಇಷ್ಟು ಜನರ ಓಡಾಟ ಹೇಗೆಂಬ ಪ್ರಶ್ನೆ, ಏರಿದ ವೆಚ್ಚ ಎಲ್ಲವೂ ಸೇರಿ ವರ್ಷಗಳು ಉರುಳಿದವು. ಕೆಲಸ ನಡೆಯುವಾಗ ತಂಡ ಇನ್ನೊಮ್ಮೆ ಮನೆ ಬಿಟ್ಟು ಒಲಿಂಪಿಕ್ ಕ್ರೀಡಾಂಗಣದಲ್ಲಿ ಆಡಬೇಕಾಗುತ್ತದೆ. ಮೂರು ಬದಿಯ ಮೆಟ್ಟಿಲುಗಳ ಮೇಲೆ ಇನ್ನೊಂದು ಅಂತಸ್ತು ಏರಿಸುವುದು ಆ ಮೊದಲ ನಕ್ಷೆಯ ಉಪಾಯ. 2008ರಲ್ಲಿ ಹಾಕಿದ ಕಾಂಕ್ರೀಟ್ ಅದರ ಕೆಳಗೆ ಇದ್ದಲ್ಲೇ ಇರುತ್ತದೆ.